ಕಾದಾಳುವಿನ ನಾಲ್ಕನೆಯ ಪಟ್ಟು

ಮಾರ್ಚ್ ೧೪, ಶನಿವಾರ

ಇಂದು ಎರಡು ಸಾವಿರದ ಹದಿನೈದನೆಯ ಇಸವಿಯ ಮಾರ್ಚ್ ಹದಿನಾಲ್ಕು. ಈ ದಿನಚರಿಯ ಉದ್ದೇಶ ಒಂದೇ. ಬರುವ ಅಕ್ಟೋಬರಿನ ಕಥೆಯಾಟದ ಪಂದ್ಯದಲ್ಲಿ ರೊಸಾರಿಯೊ ನಗರದ ಬಂದರು ತಂಡವು ತನ್ನ ಹೊಸ ಕಾದಾಳುವನ್ನು ಆರಿಸಲಿದೆ. ಆ ಆಯ್ಕೆ ನಾನೇ ಆಗಿರಬೇಕು. ಅಲ್ಲಿಯವರೆಗೆ ನಾನು ಏನು ಮಾಡಿದೆ, ಎಲ್ಲಿ ತಪ್ಪಿದೆ (ತಪ್ಪಿದ್ದರೆ) ಎಂಬುದನ್ನು ನನಗಾಗಿ ಮಾತ್ರ ಇಲ್ಲಿ ಬರೆದಿಡುತ್ತೇನೆ.

ಅಜ್ಜಿಯ ಒಪ್ಪಿಗೆ ಪಡೆಯುವುದೇ ಮೊದಲ ಯುದ್ಧವಾಯಿತು. ನಮ್ಮದು ಸುವಾರ್ತಾ ಸಭೆಗೆ ಸೇರಿದ ಮನೆ. ಇಸ್ಪೀಟು ಈ ಮನೆಯ ಹೊಸಿಲು ದಾಟಿಲ್ಲ. ಈ ಆಟದಲ್ಲಿ ಸೂತ್ರಧಾರನೊಬ್ಬ ಕಥೆ ಹೇಳುತ್ತಾನೆ, ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ನಡೆಯುತ್ತಾರೆ, ಗೆಲುವು ಸೋಲುಗಳನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ ಎಂದು ಅಜ್ಜಿಗೆ ವಿವರಿಸಿದೆ. ಅವಳ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ.

"ದಾಳ ಅಂದ್ರೆ ಜೂಜು ಕಣೆ, ಕೆಯ್ಲಾ."

"ಯೂದನ ಜಾಗಕ್ಕೆ ಇನ್ನೊಬ್ಬನ್ನ ಆರಿಸೋವಾಗ ಅಪೊಸ್ತಲರು ಏನು ಮಾಡಿದ್ರು ಅಜ್ಜಿ? ಚೀಟು ಹಾಕಿದ್ರು."

ಅಜ್ಜಿ ಕನ್ನಡಕ ಹುಡುಕಿ, ಬೈಬಲ್ ತೆರೆದು, ವಾಕ್ಯದ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು. "ಆಯ್ತು, ದಾಳ ಆಡು. ಇಸ್ಪೀಟು ಮುಟ್ಟಿದೆಯೋ, ಕೈ ಮುರೀತೀನಿ."

ಈ ಆಟದಲ್ಲಿ ಎಲ್ಲರಿಗೂ ಮಾಂತ್ರಿಕರಾಗುವ ಆಸೆ. ಬುದ್ಧಿ ಕಡಿಮೆಯಿದ್ದವರು ಕಾದಾಳುವಿನ ಪಾತ್ರ ಹಿಡಿಯುತ್ತಾರೆಂಬುದು ಲೋಕರೂಢಿ. ಶಾಲೆಗೇ ಅತಿ ಹೆಚ್ಚು ಅಂಕ ಪಡೆದು, ಅದೇ ಕಾರಣಕ್ಕೆ ಈ ವರ್ಷ ರಾಷ್ಟ್ರಧ್ವಜ ಹಿಡಿಯಲಿರುವ ನಾನು ಕಾದಾಳುವನ್ನೇ ಆರಿಸಿಕೊಂಡಿದ್ದೇನೆ. ಮಾಂತ್ರಿಕನಿಗೆ ಮಂತ್ರಗಳಿದ್ದಂತೆ ಕಾದಾಳುವಿಗೆ ಪಟ್ಟುಗಳಿವೆ. ನನ್ನ ಕಾದಾಳು ಬ್ರೂನ್ಯಾಳಿಗೆ ಸದ್ಯ ಮೂರು: ಒಂದು ಸರದಿಯಲ್ಲಿ ಎರಡು ಸಲ ಹೊಡೆಯುವ ಸಿಡಿಲೇಟು, ಹೊಡೆಸಿಕೊಂಡ ಕೂಡಲೇ ಹೊಡೆಯುವ ತಿರುಗೇಟು, ಎದುರಾಳಿಯನ್ನು ಕೆಡವುವ ಕಾಲ್ಕೊಕ್ಕೆ. ಮೂರನ್ನೂ ಲೆಕ್ಕ ಹಾಕಿಯೇ ಆರಿಸಿದ್ದೇನೆ. ನಾಲ್ಕನೆಯದಕ್ಕೆ ಇನ್ನೂ ಅರ್ಹತೆ ಬರಬೇಕು.

ಮಾರ್ಚ್ ೨೮, ಶನಿವಾರ

ನಮ್ಮ ಊರು ಕಾಸಿಲ್ದಾದ ತಂಡ ಸೇರುವುದು ಬೋಚಾಸ್ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ. ಮುಂದಿನ ಅಂಗಳದಲ್ಲಿ ಮುದುಕರು ಮರದ ಚೆಂಡು ಉರುಳಿಸುತ್ತ ಕೂಗಾಡುತ್ತಾರೆ. ಹಿಂದೆ ನಾವು ಕೋಟೆಗಳನ್ನು ಗೆಲ್ಲುತ್ತೇವೆ.

ಸೂತ್ರಧಾರ ದೋನ್ ತೂಲಿಯೊ ಕೃತಕ ಹಲ್ಲು ತಯಾರಿಸುವ ಕಸುಬಿನವರು. ಹಲ್ಲಿನ ಅಚ್ಚಿಗೆ ಬಳಸುವ ಗಾರೆಯಿಂದಲೇ ನಮ್ಮ ಪಾತ್ರಗಳ ಗೊಂಬೆಗಳನ್ನು ಎರಕ ಹೊಯ್ಯುತ್ತಾರೆ. ನನ್ನ ಬ್ರೂನ್ಯಾ ಒಸಡಿನ ಬಣ್ಣಕ್ಕಿದ್ದಾಳೆ. ಪ್ರತಿಭಟಿಸಿದೆ. "ಬಿಳಿ ಗಾರೆ ಮುಗಿದಿದೆಯಮ್ಮ, ಊರಲ್ಲಿ ಹಲ್ಲಿಲ್ಲದೋರು ಜಾಸ್ತಿ" ಎಂದರು.

ತಂಡದಲ್ಲಿ ನನ್ನ ಹೊರತು ಇಬ್ಬರು. ಒಬ್ಬ ರಮೀರೊ, ಟೈರಿನ ಅಂಗಡಿಯಲ್ಲಿ ಕೆಲಸ. ಊರೆಲ್ಲ ಅವನನ್ನು ಇಲಿ ಎನ್ನುತ್ತದೆ. ಆಟದಲ್ಲಿ ಅವನು ಚೂರಿ ಹಿಡಿದ ಕಳ್ಳ. ಇನ್ನೊಬ್ಬಳು ಬೇಕರಿಯವರ ಮಗಳು ಮೈತೆನ. ಅವಳು ಗಾಯ ವಾಸಿಮಾಡುವ ವೈದ್ಯೆ. ಕೈಯಲ್ಲೊಂದು ದೊಣ್ಣೆಯಿದೆ, ಈವರೆಗೆ ಅದನ್ನು ಎತ್ತಿದವಳಲ್ಲವಂತೆ.

"ಬನ್ನಿ ಬಾವುಟದಮ್ಮ, ಕೂತ್ಕೊಳ್ಳಿ," ಎಂದ ಇಲಿ. "ನಿಮ್ಮಂಥೋರು ಬಂದ್ರೆ ಕುರ್ಚಿಗೂ ಅಂಕ ಬರುತ್ತೆ."

ಎಲ್ಲರೂ ಒಂದೇ ಕೊಳವೆಯಿಂದ ಹೀರುವ, ಕಹಿ ಚಹದಂಥ ಮಾಟೆಯ ಸೋರೆಬುರುಡೆ ಒಬ್ಬರ ಕೈಯಿಂದ ಒಬ್ಬರಿಗೆ ಸುತ್ತು ಬಂತು. ನಾನು ಮೊದಲ ಸುತ್ತಿಗೇ 'ಧನ್ಯವಾದ' ಎಂದೆ. 'ಸಾಕು' ಎಂದು ಹೇಳುವ ಸಭ್ಯ ರೀತಿ ಅದೇ ಆದ್ದರಿಂದ ಬುರುಡೆ ಮತ್ತೆ ನನ್ನತ್ತ ಬರಲಿಲ್ಲ. ಒಳ್ಳೆಯದಾಯಿತು. ನಾನು ಸ್ನೇಹ ಬೆಳೆಸಲು ಬಂದವಳಲ್ಲ.

ಏಪ್ರಿಲ್ ೧೧, ಶನಿವಾರ

ಜೌಗಿನ ರಾಕ್ಷಸನನ್ನು ಬ್ರೂನ್ಯಾ ಒಬ್ಬಳೇ ಕೊಂದಳು. ಇಲಿಗೂ ಮೈತೆನಳಿಗೂ ಸರದಿಯೇ ಬರಲಿಲ್ಲ. ಲೆಕ್ಕ ಸರಿಯಾಗಿದ್ದರೆ ಹೀಗೆಯೇ ಆಗುತ್ತದೆ.

ಮೇ ೯, ಶನಿವಾರ

ಆರೆಕಿತೊ ಊರಿನವರ ಎದುರು ಸೋತೆವು. ಅವರು ಮೂವರು, ನಾವು ಮೂವರು.

ಕಾರಣವನ್ನು ನಿಷ್ಪಕ್ಷಪಾತವಾಗಿ ಬರೆಯುತ್ತೇನೆ. ಕತ್ತಿ ಹಿರಿದ ಕ್ಷಣದಿಂದ ಒಂದೇ ತಂಡದವರು ತಮ್ಮತಮ್ಮಲ್ಲಿ ಮಾತಾಡಕೂಡದೆಂಬುದು ನಿಯಮ. ತನ್ನ ಸರದಿಯಲ್ಲಿ ಸೂತ್ರಧಾರನಿಗೆ ಮಾತ್ರ ಹೇಳಬೇಕು. ನಾನು ಮುಂದಿನ ಹೆಜ್ಜೆ ಯೋಚಿಸುತ್ತಿರುವಾಗ ಎದುರಿಗೆ ಕುಳಿತ ಇಲಿ ನನ್ನನ್ನೇ ನೋಡಿ ಮೂತಿ ತಿರುವಿದ. ಒಮ್ಮೆಯಲ್ಲ, ಮೂರು ಸಲ. ಪರಸ್ಥಳದವರ ಮುಂದೆ! ಪಕ್ಕದಲ್ಲಿ ಮೈತೆನ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ನನಗೆ ಇವರ ಹಂಗಿಲ್ಲವೆಂದು ತೋರಿಸುವುದು ಅನಿವಾರ್ಯವಾಯಿತು. ಸಿಡಿಲೇಟು ಹಾಕಿ ಒಬ್ಬಳೇ ನುಗ್ಗಿದೆ. ದಾಳ ಮೂರು ಬಿತ್ತು, ಆಮೇಲೆ ಐದು. ಬ್ರೂನ್ಯಾ ಬಿದ್ದಳು, ಅವಳ ಹಿಂದೆ ಉಳಿದಿಬ್ಬರೂ.

ಆರೆಕಿತೊದ ಹುಡುಗನೊಬ್ಬ ಕೈಕುಲುಕುತ್ತ, "ನಿಮ್ಮ ಕಾದಾಳು ಚೆನ್ನಾಗಿ ಹೊಡೀತಾಳೆ. ಯಾರ್ ಕಡೆಯವಳು ಅಂತ ಕೇಳಿ ಹೇಳಿ" ಎಂದ. ಅವನು ಅದನ್ನು ನನಗಲ್ಲ, ದೋನ್ ತೂಲಿಯೊಗೆ ಹೇಳಿದ್ದು.

ಮೇ ೧೦, ಭಾನುವಾರ

ಬರೆಯುವಂಥದ್ದೇನೂ ಇಲ್ಲ.

ಮೇ ೨೩, ಶನಿವಾರ

ಹೋಗಬಾರದೆಂದುಕೊಂಡಿದ್ದೆ. ಹೋದೆ, ಹೋಗದಿದ್ದರೆ ಸೋತು ಅಡಗಿದಳು ಎನ್ನುತ್ತಿದ್ದರು.

ದೋನ್ ತೂಲಿಯೊ ನೇರವಾಗಿ ಕೇಳಿದರು. "ಅವತ್ತು ಯಾಕಮ್ಮ ಹಾಗೆ ನುಗ್ಗಿದೆ?"

"ಇಲಿ ನನ್ನ ನೋಡಿ ಮೂತಿ ತಿರುವಿದ. ಮೂರು ಸಲ. ಇವಳು ತುಟಿ ಕಚ್ಚಿ ನಗ್ತಿದ್ಲು."

ಮೈತೆನ ನಕ್ಕ ರಭಸಕ್ಕೆ ಬುರುಡೆಯಲ್ಲಿದ್ದ ಮಾಟೆ ನಕ್ಷೆಯ ಮೇಲೆ ಚೆಲ್ಲಿತು.

"ಅಯ್ಯೋ ಮಾರಾಯ್ತಿ, ಅದು ಕತ್ತಿಯ ಏಳು!"

"ಏನದು?"

"ನಿಮ್ಮನೇಲಿ ತ್ರೂಕೊ ಆಡಲ್ವಾ?"

"ಇಲ್ಲ."

"ಯಾರ ಮನೇಲಾದ್ರೂ ತ್ರೂಕೊ ಆಡದೆ ಇರ್ತಾರಾ?" ಎಂದ ಇಲಿ. ಅವನ ದನಿಯಲ್ಲಿ ಗೇಲಿಯಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು.

"ನಮ್ಮ ಮನೇಲಿ."

ಅವರು ವಿವರಿಸಿದರು. ತ್ರೂಕೊ ಎಂಬುದು ಕತ್ತಿ, ದೊಣ್ಣೆ, ಚಿನ್ನ, ಬಟ್ಟಲು ಎಂಬ ನಾಲ್ಕು ಜಾತಿಯ ಎಲೆಗಳಿಂದ ಜೋಡಿಯಾಗಿ ಆಡುವ ಇಸ್ಪೀಟಾಟ. ಕೈಯಲ್ಲಿ ಯಾವ ಎಲೆಯಿದೆ ಎಂಬುದನ್ನು ಜೊತೆಗಾರನಿಗೆ ಮುಖದಲ್ಲೇ ತಿಳಿಸಬೇಕು. ಎರಡೂ ಹುಬ್ಬು ಮೇಲೇರಿದರೆ ಕತ್ತಿಯ ಎಕ್ಕ, ಎಲ್ಲಕ್ಕಿಂತ ದೊಡ್ಡ ಎಲೆ. ಕಣ್ಣು ಮಿಟುಕಿಸಿದರೆ ದೊಣ್ಣೆಯ ಎಕ್ಕ. ತುಟಿ ಬಲಕ್ಕೆ ತಿರುಗಿದರೆ ಕತ್ತಿಯ ಏಳು. ಸುಳ್ಳು ಸಂಜ್ಞೆ ಮಾಡುವುದು ಹೀನಾಯ. ಆದರೆ ಎದುರಾಳಿ ಕದ್ದು ನೋಡಬಹುದು. ನಿಷೇಧ ಮಾತಿಗೆ ಮಾತ್ರವಾದ್ದರಿಂದ ಅದನ್ನೇ ಇವರು ನಮ್ಮ ಮೇಜಿಗೆ ತಂದಿದ್ದಾರೆ: ಹುಬ್ಬು ಎಂದರೆ ಕಾದಾಳುವಿನ ಕತ್ತಿ ಹೊಡೆಯಲಿ; ಮಿಟುಕು ಎಂದರೆ ಮೈತೆನಳ ದೊಣ್ಣೆ ಹೊಡೆಯಲಿ; ತಿರುಗಿದ ತುಟಿ ಎಂದರೆ ಇಲಿಯ ಚೂರಿ ಸಿದ್ಧವಿದೆ, ತಡೆ; ಕಚ್ಚಿದ ತುಟಿ ಎಂದರೆ ನನ್ನಲ್ಲಿ ಶಕ್ತಿಯಿಲ್ಲ, ಹಿಂದೆ ಬಾ.

"ಎರಡು ತಿಂಗಳಿಂದ ಮೂತಿ ತಿರುವಿ ತಿರುವಿ ನನಗೆ ದವಡೆ ನೋವು ಬಂದಿದೆ," ಎಂದ ಇಲಿ. "ನೀನು ಓದಿರೋ ಹುಡುಗಿ, ಸಂಜ್ಞೆ ನೋಡಿಯೂ ನೋಡದ ಹಾಗಿರ್ತೀಯ, ಅದರಲ್ಲೂ ಏನೋ ಲೆಕ್ಕ ಇರುತ್ತೆ ಅಂದ್ಕೊಂಡಿದ್ದೆ."

ಈ ದೇಶದಲ್ಲಿ ಎಂಟು ವರ್ಷದ ಮಗುವಿಗೂ ಗೊತ್ತಿರುವ ವಿದ್ಯೆ ನನಗೆ ಗೊತ್ತಿಲ್ಲ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಬರೆದಿದ್ದೇನೆ.

ಹೊರಡುವಾಗ ದೋನ್ ತೂಲಿಯೊ ನಾಲ್ಕನೆಯ ಪಟ್ಟಿನ ವಿಷಯ ತೆಗೆದರು. "ಬಾಗಿಲು ಅಂತ ಒಂದಿದೆ. ಕಾದಾಳು ತನ್ನ ಏಟನ್ನ ಬಿಟ್ಟು, ಎದುರಾಳಿ ಆಯುಧವನ್ನ ಗುರಾಣಿಗೆ ಸಿಕ್ಕಿಸಿ ಹಿಡ್ಕೋತಾಳೆ. ದಾರಿ ತೆರೆಯುತ್ತೆ. ಆಯುಧ ಎತ್ತಿ ನಿಂತ ಜೊತೆಗಾರ ಕಾದಾಳುವಿನ ಬಲದಲ್ಲೇ ಹೊಡೀತಾನೆ. ಯಾರೂ ತಗೊಳಲ್ಲ ಅದನ್ನ."

ಏಕೆ ತೆಗೆದುಕೊಳ್ಳುವುದಿಲ್ಲವೆಂದು ಕೇಳಬೇಕಾಗಿಯೇ ಇರಲಿಲ್ಲ. ಬಂದರು ತಂಡ ಆರಿಸುವುದು ಹೊಡೆಯುವ ಕಾದಾಳುವನ್ನು. ಬೇಡವೆಂದೆ.

ಜೂನ್ ೨೦, ಶನಿವಾರ

ಧ್ವಜದಿನ. ನಾನು ಧ್ವಜ ಹಿಡಿದೆ. ಶಾಲೆಯ ಇತಿಹಾಸದಲ್ಲಿ ಇಷ್ಟು ನೆಟ್ಟಗೆ ಯಾರೂ ಹಿಡಿದಿಲ್ಲವೆಂದು ಮುಖ್ಯೋಪಾಧ್ಯಾಯಿನಿ ಹೇಳಿದರು, ಅದು ಸತ್ಯ.

ಒಂದು ಸಣ್ಣ ಸಂಗತಿ. ಗಾಳಿಗೆ ಕೂದಲು ಕಣ್ಣಿಗೆ ಬಿದ್ದು ನೀರಾಡತೊಡಗಿತು. ಧ್ವಜ ಹಿಡಿದವಳಿಗೆ ಕೈಗಳಿರುವುದಿಲ್ಲ. ಪಕ್ಕದ ಬೆಂಗಾವಲು ಹುಡುಗಿ, ಅಂಕದಲ್ಲಿ ನನಗಿಂತ ಕೂದಲೆಳೆಯಷ್ಟೇ ಹಿಂದಿರುವವಳು, ಯಾರಿಗೂ ಕಾಣದಂತೆ ಅದನ್ನು ಸರಿಸಿದಳು. ಅವಳ ಹೆಸರು ನನಗೆ ಗೊತ್ತು. ಅವಳೊಡನೆ ಐದು ವರ್ಷಗಳಿಂದ ಮಾತಾಡಿಲ್ಲ ಎಂಬುದು ಆಗ ನೆನಪಾಯಿತು. ಯಾಕೆ ಇದನ್ನು ಬರೆಯುತ್ತಿದ್ದೇನೋ ತಿಳಿಯದು. ಈ ದಿನಚರಿಯ ಉದ್ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ.

ಜುಲೈ ೪, ಶನಿವಾರ

ಬಚ್ಚಲಿನ ಕನ್ನಡಿಯ ಮುಂದೆ ಸಂಜ್ಞೆಗಳನ್ನು ಅಭ್ಯಾಸ ಮಾಡುತ್ತಿದ್ದೆ. ಹುಬ್ಬು ಏರಿಸುವುದು ಸುಲಭ. ಶಿಕ್ಷಕರ ತಪ್ಪು ಕಂಡಾಗಲೆಲ್ಲ ಏರಿಸಿ ರೂಢಿಯಿದೆ. ಒಂದೇ ಕಣ್ಣು ಮುಚ್ಚಲು ಹೋದರೆ ಎರಡೂ ಮುಚ್ಚುತ್ತವೆ. ತುಟಿಯೊಡನೆ ಹೋರಾಡುತ್ತಿರುವಾಗ ಅಜ್ಜಿ ಬಾಗಿಲಲ್ಲಿ ನಿಂತಿರುವುದು ಕಂಡಿತು.

"ಮುಖಕ್ಕೆ ವಾತ ಹೊಡೀತೇನೆ?"

"ಇಲ್ಲ ಅಜ್ಜಿ. ಹಲ್ಲು ನೋಡ್ಕೋತಿದ್ದೆ."

ಅಜ್ಜಿ ಟವೆಲು ಮಡಿಸುತ್ತ ಬಹಳ ಹೊತ್ತು ನಿಂತಳು. ಆಮೇಲೆ ಟವೆಲಿಗೆ ಹೇಳುವವಳಂತೆ ಹೇಳಿದಳು: "ಎಡಕ್ಕೆ ತಿರುವಿದ್ರೆ ಚಿನ್ನದ ಏಳು. ಕತ್ತಿಯ ಏಳಿಗೆ ಬಲಕ್ಕೆ."

ನನ್ನ ತುಟಿ ಎಡಕ್ಕೇ ಉಳಿಯಿತು.

"ಕಣ್ಣು ಅಷ್ಟು ಗಟ್ಟಿಯಾಗಿ ಮುಚ್ಚಬಾರದು. ಸೊಳ್ಳೆ ಕೂತ ಹಾಗಿರಬೇಕು, ಅಷ್ಟೆ. ನೋಡು." ಅಜ್ಜಿ ಮಿಟುಕಿಸಿದಳು. ಮಿಟುಕಿಸಿದಳೋ ಇಲ್ಲವೋ ಎಂಬ ಅನುಮಾನ ಬರುವಷ್ಟು ನಯವಾಗಿ.

"ಅಜ್ಜಿ! ನಿಂಗೆ ಹ್ಯಾಗೆ ಗೊತ್ತು?"

"ಕರ್ತನನ್ನ ಅರಿಯೋಕೆ ಮುಂಚೆ ನಾನೂ ಬದುಕಿದ್ದೆ ಕಣೆ. ಈ ಬೀದೀಲಿ ನಿಮ್ಮಜ್ಜನ್ನೂ ನನ್ನನ್ನೂ ಸೋಲಿಸಿದೋರು ಯಾರೂ ಇರಲಿಲ್ಲ." ಅವಳ ಮುಖದಲ್ಲಿದ್ದ ಭಾವ ಪಶ್ಚಾತ್ತಾಪದ್ದಲ್ಲ. "ನಿನ್ನ ಕೈಯಲ್ಲಿ ಇಸ್ಪೀಟಿದೆಯಾ?"

"ಇಲ್ಲ."

"ಹಾಗಾದ್ರೆ ಪಾಪ ಇಲ್ಲ. ಮತ್ತೆ ಮಾಡು. ಬಲಕ್ಕೆ."

ಜುಲೈ ೧೮, ಶನಿವಾರ

ಇಲಿ ರಾತ್ರಿಶಾಲೆಯಲ್ಲಿ ಓದುತ್ತಿದ್ದಾನಂತೆ, ಗಣಿತ ಬಾಕಿಯಂತೆ. ಒಂದು ಸಲ ಹೇಳಿಕೊಡಲು ಟೈರಿನ ಅಂಗಡಿಗೆ ಹೋದೆ. ಶುದ್ಧ ಕಾಲಹರಣ. ಬುಧವಾರ ಮತ್ತೆ ಹೋಗಬೇಕು, ಸಮೀಕರಣ ಅರ್ಧಕ್ಕೆ ನಿಂತಿದೆ.

ಆಗಸ್ಟ್ ೧೫, ಶನಿವಾರ

ನಾಲ್ಕನೆಯ ಪಟ್ಟಿಗೆ ಬ್ರೂನ್ಯಾ ಅರ್ಹಳಾದಳು. ಬಾಗಿಲನ್ನು ಆರಿಸಿದೆ.

ಇದು ಕೇವಲ ಲೆಕ್ಕದ ತೀರ್ಮಾನವೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಎದುರಾಳಿಗಳೆಲ್ಲರೂ ತಮ್ಮ ರಕ್ಷಣೆಯನ್ನು ನನ್ನ ಕತ್ತಿಯ ಎದುರಿಗೇ ಒಡ್ಡುತ್ತಾರೆ. ಹಾಗಿರುವಾಗ ನನ್ನ ಐದನೆಯ ಏಟಿಗಿಂತ ಮೈತೆನಳ ಮೊದಲನೆಯ ಏಟಿಗೆ ಬೆಲೆ ಹೆಚ್ಚು. ಸ್ನೇಹದ ಮಾತು ಇದರಲ್ಲಿಲ್ಲ.

ದೋನ್ ತೂಲಿಯೊ ಬ್ರೂನ್ಯಾಳ ಗೊಂಬೆಯನ್ನು ತೆಗೆದುಕೊಂಡು ಹೋಗಿ, ಮುಂದಿನ ವಾರ ಅವಳ ಗುರಾಣಿಯನ್ನು ದೊಡ್ಡದು ಮಾಡಿ ತಂದುಕೊಡುವುದಾಗಿ ಹೇಳಿದರು.

"ನಾನು ಹೊಡೀಬೇಕಾ?" ಎಂದು ಮೈತೆನ ಗಾಬರಿಯಾದಳು. "ನಂಗೆ ಹಿಟ್ಟು ಬಿಟ್ರೆ ಬೇರೆ ಏನನ್ನೂ ಹೊಡೆದು ಗೊತ್ತಿಲ್ಲ."

"ದಿನಾ ಎಷ್ಟು ಹಿಟ್ಟು?" ಎಂದು ಕೇಳಿದೆ.

"ಎರಡು ಮೂಟೆ."

"ಹಾಗಾದ್ರೆ ನಮ್ಮ ಮೂವರಲ್ಲಿ ನಿನಗೇ ಅಭ್ಯಾಸ ಜಾಸ್ತಿ."

ಅವಳು ನಕ್ಕಳು. ಇಂದು ಬುರುಡೆ ಅದೆಷ್ಟು ಸುತ್ತು ಬಂತೋ, ಹೊಟ್ಟೆಯೆಲ್ಲ ಮಾಟೆಯಾಗಿದೆ.

ಸೆಪ್ಟೆಂಬರ್ ೧೨, ಶನಿವಾರ

ಇಲಿಯ ಫಲಿತಾಂಶ ಬಂತು. ಅವನು ಕೋಣೆಗೆ ಬಂದವನೇ ನನ್ನನ್ನು ನೋಡಿ ತುಟಿಯನ್ನು ಬಲಕ್ಕೆ ತಿರುವಿದ.

ಹತ್ತಕ್ಕೆ ಏಳು! ನನಗೆ ಎಂದೂ ಏಳು ಬಂದದ್ದಿಲ್ಲ. ಬಂದಿದ್ದರೆ ಮನೆಯಿಂದ ಹೊರಬೀಳುತ್ತಿರಲಿಲ್ಲ. ಆದರೂ ಕುರ್ಚಿಯ ಮೇಲೆ ಹತ್ತಿ ಕೂಗಿದವಳು ನಾನೇ ಎಂದು ಮೈತೆನ ಸಾಧಿಸುತ್ತಿದ್ದಾಳೆ.

ಅಕ್ಟೋಬರ್ ೧೦, ಶನಿವಾರ, ರೊಸಾರಿಯೊ

ವಿವರವಾಗಿ ಬರೆಯುತ್ತೇನೆ. ಇದು ಬರೆದಿಡಬೇಕಾದ ದಿನ.

ಪಂದ್ಯ ನಡೆದದ್ದು ನದಿಯ ದಂಡೆಯ ಹಳೆಯ ಉಗ್ರಾಣದಲ್ಲಿ. ಮಧ್ಯಾಹ್ನದೊಳಗೆ ಎರಡು ತಂಡಗಳನ್ನು ಸೋಲಿಸಿದೆವು. ಅವುಗಳಲ್ಲಿ ಒಂದು ಆರೆಕಿತೊ. ಎರಡು ಕಾಳಗಗಳಲ್ಲೂ ಕತ್ತಿ ಮತ್ತು ಚೂರಿ ಸಾಕಾದವು. ಬಾಗಿಲನ್ನು ನಾನು ತೆರೆಯಲೇ ಇಲ್ಲ. ಯಾರೂ ಅದನ್ನು ನೋಡಬಾರದಾಗಿತ್ತು.

ಕೊನೆಯ ಆಟ ಬಂದರು ತಂಡದೊಡನೆ. ಐದು ವರ್ಷಗಳಿಂದ ಸೋಲದವರು. ಅವರ ಕಾದಾಳು ಬೆಲ್ತ್ರಾನ್ ವರ್ಷಾಂತ್ಯಕ್ಕೆ ಓದಲು ಕೋರ್ದೊಬಾಕ್ಕೆ ಹೋಗುತ್ತಾನೆ. ತನ್ನ ಜಾಗಕ್ಕೆ ಬರುವವರನ್ನು ಆರಿಸುವವನೂ ಅವನೇ. ಕೈಕುಲುಕುವಾಗ ನನ್ನ ಹೆಸರು ಹಿಡಿದು ಕರೆದ. "ಕೆಯ್ಲಾ ಗಿಸೋಲ್ಫಿ ಅಲ್ವಾ? ನಿನ್ನ ಸಿಡಿಲೇಟಿನ ಬಗ್ಗೆ ಕೇಳಿದೀನಿ. ಇವತ್ತು ತೋರಿಸು."

ಉಪ್ಪಿನ ಕೋಟೆಯ ಸೇತುವೆಯ ಮೇಲೆ ಕಾಳಗ. ಇಲಿ ಅವರ ಮಾಂತ್ರಿಕನನ್ನು ಕೆಡವಿ ತಾನೂ ಬಿದ್ದ. ಅವರ ಬಿಲ್ಲುಗಾರ್ತಿಯನ್ನು ನಾನು ಕಾಲ್ಕೊಕ್ಕೆ ಹಾಕಿ ನೀರಿಗೆ ತಳ್ಳಿದೆ. ಆ ಹೊತ್ತಿಗೆ ಬ್ರೂನ್ಯಾಳ ಮೈಯಲ್ಲಿ ಇನ್ನೊಂದು ಗಾಯಕ್ಕೂ ಜಾಗವಿರಲಿಲ್ಲ. ಸೇತುವೆಯ ನಡುವೆ ಬೆಲ್ತ್ರಾನ್. ಇತ್ತ ಬ್ರೂನ್ಯಾ, ಅವಳ ಹಿಂದೆ ಮೈತೆನಳ ವೈದ್ಯೆ.

ಬೆಲ್ತ್ರಾನನಲ್ಲಿ ಕಲ್ಲುಗೋಡೆ ಎಂಬ ಪಟ್ಟು ಉಳಿದಿತ್ತು. ಅವನು ಯಾರ ಹೆಸರು ಹೇಳುತ್ತಾನೋ ಅವರ ಏಟು ಆ ಸುತ್ತಿನಲ್ಲಿ ಅವನಿಗೆ ತಾಕುವುದಿಲ್ಲ. ಸುತ್ತು ಮೈತೆನಳಿಂದ ಶುರುವಾಗಬೇಕಿತ್ತು. ಅವಳು ನನ್ನ ಗಾಯ ವಾಸಿಮಾಡುತ್ತಾಳೆ, ಬೆಲ್ತ್ರಾನ್ ನನ್ನ ಹೆಸರು ಹೇಳುತ್ತಾನೆ, ನನ್ನ ಏಟು ವ್ಯರ್ಥವಾಗುತ್ತದೆ, ಹೀಗೆ ನಿಧಾನವಾಗಿ ಸೋಲುತ್ತೇವೆ. ಉಗ್ರಾಣದಲ್ಲಿದ್ದ ಎಲ್ಲರಿಗೂ ಅದು ಕಾಣುತ್ತಿತ್ತು.

ಬಂದರು ತಂಡದವರು ಇಡೀ ಆಟದಲ್ಲಿ ಇಲಿಯ ಮುಖವನ್ನೂ ಮೈತೆನಳ ಮುಖವನ್ನೂ ಓದುತ್ತಿದ್ದರು. ನನ್ನ ಮುಖವನ್ನು ಯಾರೂ ನೋಡುತ್ತಿರಲಿಲ್ಲ. ಕಾಸಿಲ್ದಾದ ಧ್ವಜದ ಹುಡುಗಿ ಸುವಾರ್ತಾ ಸಭೆಯವಳು, ಇಸ್ಪೀಟು ಮುಟ್ಟಿದವಳಲ್ಲ, ಸಂಜ್ಞೆ ಅರಿಯಳು ಎಂಬ ಕಥೆ ಆರೆಕಿತೊದಿಂದ ಇಲ್ಲಿಯವರೆಗೂ ಬಂದಿತ್ತು.

ನನ್ನ ಮುಖ ನೋಡುತ್ತಿದ್ದವಳು ಮೈತೆನ ಒಬ್ಬಳೇ. ನಾನು ಕಣ್ಣು ಮಿಟುಕಿಸಿದೆ. ಸೊಳ್ಳೆ ಕೂತಷ್ಟೇ.

ಅದು ಸುಳ್ಳು ಸಂಜ್ಞೆಯಲ್ಲ. ಯಾರೂ ನೋಡದ ಜಾಗದಲ್ಲಿ ಮಾಡಿದ ನಿಜವಾದ ಸಂಜ್ಞೆ.

ಮೈತೆನಳ ಕಿವಿ ಕೆಂಪಾಯಿತು. "ನಾನು," ಎಂದು ತಡವರಿಸಿ, "ನಾನು ಗಾಯ ವಾಸಿ ಮಾಡಲ್ಲ. ದೊಣ್ಣೆ ಎತ್ತಿ ನಿಂತ್ಕೋತೀನಿ" ಎಂದಳು.

ಹಿಂದಿನ ಬೆಂಚಿನಿಂದ ಯಾರೋ ಕೂಗಿದರು: "ಎಲೆಲೆ, ಲಟ್ಟಣಿಗೆ ಎತ್ತಿದ್ಲು!" ಉಗ್ರಾಣವೇ ನಕ್ಕಿತು. ಬೆಲ್ತ್ರಾನ್ ಕೂಡ ನಕ್ಕು, ನನ್ನತ್ತ ಬೆರಳು ತೋರಿಸಿದ. "ಕಲ್ಲುಗೋಡೆ. ಬ್ರೂನ್ಯಾಳ ಎದುರಿಗೆ."

ನನ್ನ ಸರದಿ. "ನಾನು ಹೊಡೆಯಲ್ಲ," ಎಂದೆ. "ಬಾಗಿಲು."

ಪಂದ್ಯದ ಸೂತ್ರಧಾರರು ನಿಯಮದ ಪುಸ್ತಕ ತಿರುವಬೇಕಾಯಿತು. ಅಷ್ಟು ವರ್ಷಗಳಲ್ಲಿ ಆ ಪಟ್ಟನ್ನು ಅವರೆದುರು ಯಾರೂ ಹಾಕಿರಲಿಲ್ಲವಂತೆ. ಓದಿದರು, ತಲೆಯಾಡಿಸಿದರು. "ಆಯುಧ ಸಿಕ್ಕಿದೆ. ದಾರಿ ತೆರೆದಿದೆ. ಹೊಡೆಯೋದು ಯಾರು?"

ಬೆಲ್ತ್ರಾನನ ನಗು ಅರ್ಧಕ್ಕೆ ನಿಂತಿತು. ಅವನು ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದ.

"ನಾನು" ಎಂದಳು ಮೈತೆನ.

ಹದಿನಾಲ್ಕರ ಮೇಲೆ ಬೀಳಬೇಕಿತ್ತು. ತಪ್ಪಿದರೆ ಮುಂದಿನ ಏಟಿಗೆ ಬ್ರೂನ್ಯಾ ಸಾಯುತ್ತಿದ್ದಳು. ಏಳು ತಿಂಗಳ ನನ್ನ ಲೆಕ್ಕವೆಲ್ಲ ಅವಳೊಡನೆ. ದಾಳ ನನ್ನ ಕೈಯಲ್ಲಿರಲಿಲ್ಲ. ಮೈತೆನ ಅದನ್ನು ಹಿಟ್ಟಿನ ಉಂಡೆಯಂತೆ ಅಂಗೈಯಲ್ಲಿ ಉರುಳಿಸಿ, ಕಣ್ಣು ಮುಚ್ಚಿ ಎಸೆದಳು. ಅದು ನಕ್ಷೆಯ ಮೇಲೆ ಉರುಳಿ, ಒಸಡಿನ ಬಣ್ಣದ ಬ್ರೂನ್ಯಾಳ ಕಾಲಿಗೆ ತಾಕಿ ನಿಂತಿತು.

ಹದಿನೇಳು.

ಆಮೇಲಿನದು ನನಗೆ ಕ್ರಮವಾಗಿ ನೆನಪಿಲ್ಲ. ಇಲಿ ಮೇಜಿನ ಮೇಲಿದ್ದ. ದೋನ್ ತೂಲಿಯೊ ತಮ್ಮದೇ ಕೃತಕ ಹಲ್ಲು ಬೀಳುವಂತೆ ಶಿಳ್ಳೆ ಹಾಕಿದರು. ಮೈತೆನ ನನ್ನನ್ನು ಅಪ್ಪಿಕೊಂಡು, "ಹೊಡೆದೆ ಕಣೆ, ನಾನು ಹೊಡೆದೆ!" ಎಂದು ಅಳುತ್ತಿದ್ದಳು, ನನ್ನ ಅಂಗಿಯ ಭುಜವೆಲ್ಲ ಒದ್ದೆ.

ಬಹುಮಾನದ ಬಟ್ಟಲಿನ ಮೇಲೆ ಕೊನೆಯ ಏಟು ಹೊಡೆದವರ ಹೆಸರು ಕೆತ್ತುವುದು ವಾಡಿಕೆ. ಮೈತೆನಳ ಹೆಸರಿನಲ್ಲಿ ಒಂದಕ್ಷರ ತಪ್ಪಿ ಕೆತ್ತಲು ಹೊರಟಿದ್ದರು. ನಾನು ನಿಂತು ಸರಿಮಾಡಿಸಿದೆ.

ಅಕ್ಟೋಬರ್ ೧೧, ಭಾನುವಾರ

ಬೆಳಿಗ್ಗೆ ಸಭೆಯಲ್ಲಿ ಕೀರ್ತನೆಯ ನಡುವೆ ಅಜ್ಜಿ ನನ್ನತ್ತ ತಿರುಗಿದಳು. ಪುಸ್ತಕದಿಂದ ಕಣ್ಣೆತ್ತಿ, ಎರಡೂ ಹುಬ್ಬುಗಳನ್ನು ಮೇಲೇರಿಸಿದಳು. ಕತ್ತಿಯ ಎಕ್ಕ. ಮತ್ತೆ ಹಾಡಿದಳು.

ಮಧ್ಯಾಹ್ನ ಬೆಲ್ತ್ರಾನ್ ಬಸ್ಸು ಹಿಡಿದು ಕಾಸಿಲ್ದಾಕ್ಕೆ ಬಂದ. ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ನಾವು ಮೂವರೂ ಇದ್ದೆವು. ಮೈತೆನ ನಿನ್ನೆಯ ಗೆಲುವಿಗೆಂದು ಅರ್ಧ ಬೇಕರಿಯನ್ನೇ ಹೊತ್ತು ತಂದಿದ್ದಳು. ಅವನು ನಿಂತೇ ಮಾತಾಡಿದ.

"ಇಪ್ಪತ್ತು ತಂಡದ ಕಾದಾಳುಗಳನ್ನ ನೋಡಿದೆ. ಹೊಡೆಯೋರು ಬೇಕಾದಷ್ಟಿದಾರೆ. ಹೊಡೀದೆ ಗೆದ್ದೋಳು ನೀನೊಬ್ಬಳೇ. ಬಂದರು ತಂಡದ ಜಾಗ ನಿನ್ನದು, ಕೆಯ್ಲಾ. ಜನವರಿಯಿಂದ ಬಾ."

ಅಂಗಳದಲ್ಲಿ ಮರದ ಚೆಂಡೊಂದು ಇನ್ನೊಂದಕ್ಕೆ ಬಡಿದ ಸದ್ದು ಕೇಳಿಸಿತು. ಇಲಿ ಬುರುಡೆಗೆ ಬಿಸಿನೀರು ತುಂಬುತ್ತಿದ್ದವನು ಹಾಗೆಯೇ ತುಂಬುತ್ತಲೇ ಇದ್ದ. ಅದು ಉಕ್ಕಿ ಮೇಜಿಗೆ ಹರಿಯಿತು. ಮೈತೆನ ನನ್ನತ್ತ ನೋಡಲಿಲ್ಲ. ತುಟಿ ಕಚ್ಚಿಕೊಂಡಿದ್ದಳು. ಹಿಂದೆ ಬಾ.

ಬೆಲ್ತ್ರಾನ್ ಬಂದರು ತಂಡದ ಕಪ್ಪು ಬಿಲ್ಲೆಯನ್ನು ಮೇಜಿನ ಮೇಲಿಟ್ಟ. ಈ ದಿನಚರಿಯ ಮೊದಲ ಪುಟದಲ್ಲಿ ನಾನು ಬಯಸಿದ್ದು ಅದನ್ನೇ. ಕೈಗೆತ್ತಿಕೊಂಡು ನೋಡಿದೆ. ಚೆನ್ನಾಗಿದೆ. ಒರೆಸಿ ಅವನಿಗೇ ಹಿಂದಿರುಗಿಸಿದೆ.

ಬರುವುದಿಲ್ಲ ಎಂದೆ.